ಹಳೇ ಡ್ರಂಕ್ ಅಂಡ್ ಡ್ರೈವ್ ಕೇಸು ಇಟ್ಟುಕೊಂಡು ಕೆನಡಾಕ್ಕೆ ಹೋಗೋದು ಹೇಗೆ

ನನ್ನ ಹೆಸರಿನಲ್ಲಿ ಒಂದು ಕ್ರಿಮಿನಲ್ ಶಿಕ್ಷೆ ಇದೆ ಅಂತ ನನಗೇ ಗೊತ್ತಾಗಿದ್ದು ಅದು ಆಗಿ ಆರು ವರ್ಷದ ಮೇಲೆ. ಅದನ್ನು ಹೇಳಿದ್ದು ಪೊಲೀಸರಲ್ಲ, ಒಂದು ವೀಸಾ ಫಾರ್ಮು.

2023ರ ಬೇಸಿಗೆ. ತಂಗಿ ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಇದ್ದಾಳೆ. ಅವಳಿಗೆ ಅಕ್ಟೋಬರಿನಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮ ತಿಪಟೂರು ಬಿಟ್ಟು ಹೊರಗೆ ಹೋಗಿದ್ದು ಅಂದ್ರೆ ಧರ್ಮಸ್ಥಳ, ತಿರುಪತಿ, ಮತ್ತೆ ಬೆಂಗಳೂರಿನ ನಮ್ಮ ಮನೆ. ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದ್ದರು. ನಾನು ಜೊತೆಗೆ ಹೋಗಿ ಬಿಟ್ಟು ಬರೋದು ಅಂತ ಮಾತಾಯಿತು. ಮನೆ ಹತ್ತಿರದ ಒಬ್ಬ ಏಜೆಂಟ್ ಇಬ್ಬರ ಫಾರ್ಮನ್ನೂ ತುಂಬಿ ವಾಟ್ಸಾಪಿನಲ್ಲಿ ಕಳಿಸಿದ. ‘ಒಂದ್ಸಲ ನೋಡಿ ಸಾರ್, ನಾಳೆ ಸಬ್ಮಿಟ್ ಮಾಡ್ತೀನಿ’ ಅಂದ.

ಫಾರ್ಮಿನ ನಂಬರು ಐಎಂಎಂ 5257. ಕೊನೆಯ ಕಡೆ ಒಂದು ಪ್ರಶ್ನೆ ಇರುತ್ತದೆ. ಯಾವುದೇ ದೇಶದಲ್ಲಿ ನೀವು ಯಾವತ್ತಾದರೂ ಅಪರಾಧ ಮಾಡಿದ್ದೀರಾ, ಅರೆಸ್ಟ್ ಆಗಿದ್ದೀರಾ, ನಿಮ್ಮ ಮೇಲೆ ಆರೋಪ ಹೊರಿಸಲಾಗಿದೆಯಾ, ಶಿಕ್ಷೆ ಆಗಿದೆಯಾ ಅಂತ. ಏಜೆಂಟ್ ನನ್ನನ್ನು ಕೇಳದೆಯೇ ‘ಇಲ್ಲ’ ಅಂತ ಗುರುತು ಹಾಕಿದ್ದ.

ಆ ‘ಯಾವತ್ತಾದರೂ’ ಅನ್ನೋ ಪದದ ಮೇಲೆ ಕಣ್ಣು ನಿಂತಿತು.

2017ರ ಫೆಬ್ರವರಿ. ಆಫೀಸಿನಲ್ಲಿ ಒಬ್ಬರಿಗೆ ಬೀಳ್ಕೊಡುಗೆ. ರಾತ್ರಿ ಹನ್ನೊಂದೂವರೆಗೆ ಕನಕಪುರ ರಸ್ತೆಯಲ್ಲಿ ಆಕ್ಟಿವಾದಲ್ಲಿ ಮನೆಗೆ ಬರುತ್ತಿದ್ದೆ. ಬ್ಯಾರಿಕೇಡ್ ಹಾಕಿದ್ದರು. ಮೀಟರ್ ಊದಿಸಿದರು. 68 ಬಂತು. ಗಾಡಿ ಅಲ್ಲೇ ಉಳಿಯಿತು, ನಾನು ಆಟೋದಲ್ಲಿ ಮನೆಗೆ ಬಂದೆ. ಆಮೇಲೆ ಮೇಯೋ ಹಾಲ್‌ನ ಟ್ರಾಫಿಕ್ ಕೋರ್ಟು. ನನ್ನಂಥವರು ಸಾಲಾಗಿ ನಿಂತಿದ್ದರು. ಹೆಸರು ಕೂಗಿದರು. ‘ತಪ್ಪು ಒಪ್ಕೋತೀರಾ?’ ‘ಹೌದು ಸಾರ್.’ 2,000 ರೂಪಾಯಿ ದಂಡ. ಅರ್ಧ ನಿಮಿಷ ಹಿಡಿದಿರಬಹುದು. ಡಿಎಲ್ ಆರು ತಿಂಗಳು ಅಮಾನತು. ಅಮ್ಮನಿಗೆ ಹೇಳಲಿಲ್ಲ. ನಾನು ಕುಡಿಯುತ್ತೇನೆ ಅನ್ನೋದೇ ಅವರಿಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಅದು ನೋ ಪಾರ್ಕಿಂಗ್ ದಂಡದ ದೊಡ್ಡಣ್ಣ ಅಷ್ಟೇ.

ಅಲ್ಲ. ಬೆಂಗಳೂರಿನಲ್ಲಿ ನನ್ನ ಹಾಗೆ ಅಂದುಕೊಂಡವರು ತುಂಬಾ ಜನ ಇರಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಕುಡಿದು ಓಡಿಸಿದರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಕೊಡಬಹುದು. ದಂಡ ಆಗ 2,000 ಇತ್ತು, 2019ರ ಸೆಪ್ಟೆಂಬರಿನಿಂದ 10,000. ಜಡ್ಜ್ ಮುಂದೆ ನಿಂತು ‘ಹೌದು’ ಅಂದು ದಂಡ ಕಟ್ಟಿದರೆ ಕೇಸು ಮುಗಿಯುತ್ತದೆ, ನಿಜ. ಆದರೆ ಅದು ಮುಗಿಯೋದು ‘ಅಪರಾಧಿ’ ಅಂತ ತೀರ್ಪಾಗಿ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ 500 ಕಟ್ಟಿದ್ದು, ಸಿಗ್ನಲ್ ಹಾರಿದ್ದಕ್ಕೆ ಮೊಬೈಲಿನಲ್ಲಿ ಚಲನ್ ಕಟ್ಟಿದ್ದು ಬೇರೆ ವಿಷಯ. ಅವಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಬೆಳಿಗ್ಗೆ ಏಜೆಂಟನಿಗೆ ಫೋನ್ ಮಾಡಿದೆ. ನಕ್ಕ. ‘ನಿಮ್ ಪಿಸಿಸಿ ಕ್ಲೀನ್ ಇದೆಯಲ್ಲ ಸಾರ್, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ?’ ಹಿಂದಿನ ವರ್ಷ ಕೆಲಸಕ್ಕೆ ಅಂತ ತೆಗೆಸಿದ್ದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿನಲ್ಲಿ ಏನೂ ಇರಲಿಲ್ಲ, ಹೌದು. ಆದರೆ ಫಾರ್ಮು ಕೇಳುತ್ತಿರೋದು ‘ನಿಮ್ಮ ಪಿಸಿಸಿಯಲ್ಲಿ ಏನಿದೆ’ ಅಂತ ಅಲ್ಲವಲ್ಲ. ‘ನೀವು ಏನು ಮಾಡಿದ್ದೀರಿ’ ಅಂತ. ಕೋರ್ಟಿನ ದಾಖಲೆ ಈ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ನಾನೇ ನನ್ನ ಹೆಸರು ಹಾಕಿ ನೋಡಿದೆ. ಸಿಕ್ಕಿತು.

ಸುಳ್ಳು ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಓದಿದ ಮೇಲೆ ಏಜೆಂಟನಿಗೆ ಕೈ ಮುಗಿದೆ. ಕೆನಡಾದಲ್ಲಿ ಸುಳ್ಳು ಮಾಹಿತಿಗೆ ಐದು ವರ್ಷ ಪ್ರವೇಶ ಇಲ್ಲ. ಅಮೆರಿಕದಲ್ಲಿ ಜೀವಮಾನಕ್ಕೇ ಬಾಗಿಲು ಮುಚ್ಚಬಹುದು. ಬ್ರಿಟನ್‌ನಲ್ಲಿ ಹತ್ತು ವರ್ಷದವರೆಗೆ, ಆಸ್ಟ್ರೇಲಿಯಾದಲ್ಲಿ ಮೂರು ವರ್ಷ. ಈ ನಾಲ್ಕು ದೇಶ ಮತ್ತು ನ್ಯೂಜಿಲೆಂಡ್ ತಮ್ಮೊಳಗೆ ಬೆರಳಚ್ಚು ಮತ್ತು ವೀಸಾ ಮಾಹಿತಿ ಹಂಚಿಕೊಳ್ಳುತ್ತವೆ. ಒಂದು ಕಡೆ ಮಾಡಿದ ಎಡವಟ್ಟು ಇನ್ನೊಂದು ಕಡೆ ಎದುರಿಗೆ ಬರುತ್ತದೆ. ನನ್ನ ಕೇಸಿನಲ್ಲಿ ಅಪರಾಧ ಸಣ್ಣದು, ಅದನ್ನು ಮುಚ್ಚಿಡೋ ಸುಳ್ಳು ಅದಕ್ಕಿಂತ ಎಷ್ಟೋ ದೊಡ್ಡದು.

ಇನ್ನೊಂದು ಮಾತು. ಆ ಏಜೆಂಟಿನ ಹೆಸರು ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲ. ಸುಳ್ಳು ಅವನದು, ಸಹಿ ಮಾತ್ರ ನನ್ನದು. ದುಡ್ಡು ತೆಗೆದುಕೊಂಡು ಕೆನಡಾ ಅರ್ಜಿಗೆ ಸಲಹೆ ಕೊಡಲು ಅಲ್ಲಿನ ವಕೀಲರು, ಕ್ವಿಬೆಕ್ ನೋಟರಿಗಳಂಥವರಿಗೆ, ಇಲ್ಲವೇ ಅಲ್ಲಿನ ಇಮಿಗ್ರೇಶನ್ ಕನ್ಸಲ್ಟೆಂಟರ ಕಾಲೇಜಿನಲ್ಲಿ (ಓದುವ ಕಾಲೇಜಲ್ಲ, ಲೈಸೆನ್ಸ್ ಕೊಡುವ ಸಂಸ್ಥೆ) ಲೈಸೆನ್ಸ್ ಇರೋರಿಗೆ ಮಾತ್ರ ಅವಕಾಶ. ಆ ಕಾಲೇಜಿನ ತಾಣದಲ್ಲಿ ಹೆಸರು ಹುಡುಕಿದರೆ ಲೈಸೆನ್ಸ್ ಇದೆಯೋ ಇಲ್ಲವೋ ತಿಳಿಯುತ್ತದೆ. ಮೊದಲು ಅದನ್ನು ನೋಡಿ.

ಸರಿ, ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಕೇಸು ಯಾವ ಸ್ಥಿತಿಯಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ‘ಅದು ಯಾವಾಗಲೋ ಮುಗೀತು’ ಅನ್ನೋದು ಉತ್ತರ ಅಲ್ಲ. ಹೇಗೆ ಮುಗಿಯಿತು? ಪೊಲೀಸರು ಬಿ ರಿಪೋರ್ಟ್ (ಸಾಕ್ಷಿ ಇಲ್ಲ ಅಂತ ಕೇಸು ಮುಚ್ಚುವ ವರದಿ) ಹಾಕಿದ್ದರೆ ಅದರ ನಕಲು, ಕೋರ್ಟ್ ಅದನ್ನು ಒಪ್ಪಿದ ಆದೇಶ, ಎರಡೂ ಬೇಕು. ಖುಲಾಸೆ ಆಗಿದ್ದರೆ ತೀರ್ಪಿನ ಪ್ರತಿ. ರಾಜಿಯಾಗಿ ಹೈಕೋರ್ಟಿನಲ್ಲಿ ಕೇಸು ರದ್ದಾಗಿದ್ದರೆ ಆ ಆದೇಶ. ಕೇಸು ಇನ್ನೂ ನಡೆಯುತ್ತಿದ್ದರೆ ವೀಸಾಕ್ಕಿಂತ ಮೊದಲೇ ಪಾಸ್‌ಪೋರ್ಟಿನಲ್ಲಿ ತೊಡಕು. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಅಡಿಯಲ್ಲಿ ನಿರಾಕರಿಸಬಹುದು. ಆಗ ಕೇಸು ಇರುವ ಕೋರ್ಟಿನಿಂದಲೇ ವಿದೇಶಕ್ಕೆ ಹೋಗಲು ಅನುಮತಿ ತರಬೇಕು. ಎಷ್ಟು ಅವಧಿ ಅಂತ ಕೋರ್ಟ್ ಬರೆಯದಿದ್ದರೆ ಪಾಸ್‌ಪೋರ್ಟ್ ಸಿಗೋದು ಒಂದು ವರ್ಷಕ್ಕೆ. ಹಾಗಾಗಿ ಆದೇಶದಲ್ಲಿ ವರ್ಷಗಳನ್ನು ಬರೆಸಿಕೊಳ್ಳಿ ಅಂತ ವಕೀಲರಿಗೆ ನೆನಪಿಸಿ.

ನನ್ನದು ಶಿಕ್ಷೆ ಆಗಿ ಮುಗಿದ ಕೇಸು. ಹೈಕೋರ್ಟಿಗೆ ಹೋಗಿ ಅಳಿಸಿಬಿಡಬಹುದಾ ಅಂತ ಪರಿಚಯದ ವಕೀಲರನ್ನು ಕೇಳಿದೆ. ‘ನೀವೇ ಒಪ್ಕೊಂಡಿದ್ದೀರಲ್ಲ ಮಾರಾಯ್ರೆ’ ಅಂದರು. ಒಪ್ಪಿಕೊಂಡವರಿಗೆ ಮೇಲ್ಮನವಿಯ ದಾರಿ ತುಂಬಾ ಕಿರಿದು. ಕಾಗದ ತೆಗೆಸೋದೇ ಕೆಲಸ.

ಕಾಗದ ಅಂದರೆ ದೃಢೀಕೃತ ನಕಲು. ಜೆರಾಕ್ಸ್ ನಡೆಯಲ್ಲ. ಈ-ಕೋರ್ಟ್ಸ್‌ನಲ್ಲಿ ಸಿಕ್ಕ ಸಿ.ಸಿ. ನಂಬರು, ಅಂದರೆ ಕ್ರಿಮಿನಲ್ ಕೇಸಿನ ನಂಬರು, ಬರೆದುಕೊಂಡು ಹೋಗಿ ನಕಲು ಅರ್ಜಿ ಹಾಕಬೇಕು. ನಾನು ಒಬ್ಬ ಜೂನಿಯರ್ ವಕೀಲರಿಗೆ ಹೇಳಿದೆ, ಮೂರು ವಾರ ಆಯಿತು. ಕೇಳಬೇಕಾದ್ದು ಪೊಲೀಸರು ಹಾಕಿದ ಚಾರ್ಜ್‌ಶೀಟ್, ಆರ್ಡರ್ ಶೀಟ್, ದಂಡ ಕಟ್ಟಿದ ರಸೀದಿ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಮೀಟರಿನ ಚೀಟಿ. ನನ್ನ ಹತ್ತಿರ ಇದ್ದ ಚೀಟಿಯನ್ನು ಡ್ರಾಯರಿನಿಂದ ತೆಗೆದು ನೋಡಿದರೆ ಬರೀ ಬಿಳಿ ಹಾಳೆ. ಎಟಿಎಂ ಚೀಟಿಯಂಥ ಕಾಗದ ಅಲ್ವಾ, ಅಕ್ಷರ ಹಾರಿಹೋಗಿತ್ತು. ಪುಣ್ಯಕ್ಕೆ ಕೋರ್ಟಿನ ಕಡತದಲ್ಲಿ ಯಾರೋ ಅದರ ಜೆರಾಕ್ಸ್ ತೆಗೆದು ಸೇರಿಸಿದ್ದರು. ಹಳೇ ಕಡತಗಳನ್ನು ಕೋರ್ಟುಗಳು ಕೆಲವು ವರ್ಷಗಳ ನಂತರ ನಾಶ ಮಾಡುತ್ತವೆ. ವಿದೇಶಕ್ಕೆ ಹೋಗೋ ಯೋಚನೆ ಈಗ ಇಲ್ಲದಿದ್ದರೂ ನಕಲು ಇವತ್ತೇ ತೆಗೆಸಿಡಿ.

ಆ ಚೀಟಿಗೆ ಯಾಕೆ ಅಷ್ಟು ಬೆಲೆ? ಕೆನಡಾದವರು ನಮ್ಮ ದೇಶದ ಶಿಕ್ಷೆ ಎಷ್ಟು ಅಂತ ನೋಡಲ್ಲ. ನೀವು ಮಾಡಿದ್ದನ್ನು ಕೆನಡಾದಲ್ಲಿ ಮಾಡಿದ್ದರೆ ಅದು ಅಲ್ಲಿನ ಯಾವ ಅಪರಾಧ ಆಗುತ್ತಿತ್ತು, ಅದಕ್ಕೆ ಅಲ್ಲಿ ಗರಿಷ್ಠ ಶಿಕ್ಷೆ ಎಷ್ಟು ಅಂತ ತೂಗುತ್ತಾರೆ. ನಾನು ಕಟ್ಟಿದ್ದು ಬರೀ 2,000 ರೂಪಾಯಿ ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಆದರೆ ಇದೇ ತಕ್ಕಡಿ ನಮ್ಮ ಕಡೆಗೂ ವಾಲಬಹುದು. ನಮ್ಮಲ್ಲಿ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಕೆನಡಾದ ಕ್ರಿಮಿನಲ್ ಕಾನೂನಿನಲ್ಲಿ 80. ನನ್ನದು 68.

ಇದನ್ನು ನನಗೆ ತೋರಿಸಿಕೊಟ್ಟಿದ್ದು ಟೊರೊಂಟೊದ ಒಬ್ಬ ವಕೀಲರು. ತಂಗಿ ಅವರೊಂದಿಗೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಲು ದುಡ್ಡು ಕಟ್ಟಿದ್ದಳು. ಆ ಅರ್ಧ ಗಂಟೆ ಇಡೀ ವ್ಯವಹಾರದಲ್ಲಿ ನಾವು ಮಾಡಿದ ಅತಿ ಒಳ್ಳೆ ಖರ್ಚು. ಜೊತೆಗೆ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು. 80ಕ್ಕಿಂತ ಕಡಿಮೆ ಇದ್ದರೂ ಅಮಲಿನಲ್ಲಿ ಗಾಡಿ ಹಿಡಿತ ತಪ್ಪಿತ್ತು ಅಂತ ದಾಖಲೆಯಲ್ಲಿದ್ದರೆ ಅಲ್ಲೂ ಅದು ಅಪರಾಧವೇ. ಹಾಗಾಗಿ ಚಾರ್ಜ್‌ಶೀಟಿನ ಒಂದೊಂದು ಸಾಲನ್ನೂ ಓದಿ. ‘ತೂರಾಡುತ್ತಿದ್ದನು’, ‘ಅಡ್ಡಾದಿಡ್ಡಿಯಾಗಿ ಚಲಾಯಿಸಿ’ ಅಂತ ಇದೆಯಾ? ನನ್ನದರಲ್ಲಿ ಇರಲಿಲ್ಲ. ನಂಬರು ಮಾತ್ರ ಇತ್ತು.

ನಿಮ್ಮ ನಂಬರು 80 ದಾಟಿದ್ದರೆ ತಾರೀಖು ನೋಡಬೇಕು. 2018ರ ಡಿಸೆಂಬರ್ 18ರಂದು ಕೆನಡಾ ಕಾನೂನು ಬದಲಾಯಿತು. ಕುಡಿದು ಓಡಿಸೋದಕ್ಕೆ ಗರಿಷ್ಠ ಶಿಕ್ಷೆ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿತು. ವಲಸೆ ಕಾನೂನಿನ ಲೆಕ್ಕದಲ್ಲಿ ಹತ್ತು ವರ್ಷದ ಅಪರಾಧ ಅಂದರೆ ಗಂಭೀರ ಅಪರಾಧ. ಆ ತಾರೀಖಿಗಿಂತ ಮೊದಲು ಆದ ಒಂದೇ ಒಂದು ಕೇಸಾಗಿದ್ದರೆ, ಶಿಕ್ಷೆ ಪೂರ್ತಿ ಮುಗಿದು ಹತ್ತು ವರ್ಷ ಆದಮೇಲೆ ಸಾಮಾನ್ಯವಾಗಿ ನೀವು ಸುಧಾರಿಸಿದ್ದೀರಿ ಅಂತ ತಾನಾಗಿಯೇ ಪರಿಗಣಿಸುತ್ತಾರೆ. ಆಮೇಲೆ ಆಗಿದ್ದಕ್ಕೆ ಆ ಸೌಲಭ್ಯ ಇಲ್ಲ, ಇಪ್ಪತ್ತು ವರ್ಷ ಆದರೂ ಇಲ್ಲ. ಶಿಕ್ಷೆ ಮುಗಿದ ದಿನ ಅಂದರೆ ಸಿಕ್ಕಿಬಿದ್ದ ದಿನ ಅಲ್ಲ, ದಂಡ ಕಟ್ಟಿದ ದಿನ. ಡಿಎಲ್ ಅಮಾನತು ಕೋರ್ಟಿನ ಶಿಕ್ಷೆಯ ಭಾಗವಾಗಿದ್ದರೆ ಅದು ಮುಗಿದ ದಿನ.

ಹತ್ತು ವರ್ಷ ಕಾಯಲಾಗದವರಿಗೆ, ಹೊಸ ಕೇಸಿನವರಿಗೆ ಎರಡು ದಾರಿ ಇವೆ. ಶಿಕ್ಷೆ ಮುಗಿದು ಐದು ವರ್ಷ ಆಗಿದ್ದರೆ ‘ಕ್ರಿಮಿನಲ್ ರಿಹ್ಯಾಬಿಲಿಟೇಶನ್’ ಅಂತ ಅರ್ಜಿ ಹಾಕಬಹುದು. ಫಾರ್ಮ್ ಐಎಂಎಂ 1444. ಒಪ್ಪಿದರೆ ಆ ಕೇಸು ಮತ್ತೆಂದೂ ಅಡ್ಡ ಬರಲ್ಲ. ಆದರೆ ವರ್ಷಕ್ಕಿಂತ ಜಾಸ್ತಿ ಕಾಯಬೇಕಾಗಬಹುದು. ಗಂಭೀರ ಅಪರಾಧಕ್ಕೆ ಶುಲ್ಕ 1,200 ಕೆನಡಿಯನ್ ಡಾಲರಿನ ಆಸುಪಾಸು, ಉಳಿದವಕ್ಕೆ 250ರ ಒಳಗೆ. ಇನ್ನೊಂದು ‘ಟೆಂಪರರಿ ರೆಸಿಡೆಂಟ್ ಪರ್ಮಿಟ್’. ಇದು ತಾತ್ಕಾಲಿಕ ರಿಯಾಯಿತಿ, ಗರಿಷ್ಠ ಮೂರು ವರ್ಷ, ಶುಲ್ಕ ಅದೇ 250ರ ಒಳಗೆ. ನೀವು ಬರಲೇಬೇಕಾದ ಕಾರಣ ಗಟ್ಟಿ ಇರಬೇಕು. ನಯಾಗರ ನೋಡಬೇಕು ಅಂದರೆ ಕೊಡೋದು ಅನುಮಾನ. ಬಾಣಂತನ, ಕಾಯಿಲೆ, ಕೆಲಸದ ಮೀಟಿಂಗು ಅಂದರೆ ಕಿವಿಗೊಡುತ್ತಾರೆ.

ನಾನು ಒಂದೇ ಅರ್ಜಿಯಲ್ಲಿ ಎರಡು ಮಾತು ಹೇಳಿದೆ. ನನ್ನ ಕೇಸು ಕೆನಡಾದ ಕಾನೂನಿಗೆ ಸಮ ಆಗುವುದಿಲ್ಲ, ಯಾಕೆಂದರೆ 68. ನಿಮಗೆ ಹಾಗೆ ಅನ್ನಿಸದಿದ್ದರೆ ದಯವಿಟ್ಟು ಪರ್ಮಿಟ್ ಕೊಡಿ, ಯಾಕೆಂದರೆ ಅಮ್ಮ. ವೀಸಾ ಶುಲ್ಕ 100 ಡಾಲರ್, ಬೆರಳಚ್ಚು ಮತ್ತು ಫೋಟೋಗೆ 85, ಅದರ ಮೇಲೆ ಪರ್ಮಿಟ್ ಶುಲ್ಕ.

ವಿವರಣೆ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲನೆಯದು ಎರಡೂವರೆ ಪುಟ ಇತ್ತು. ಬೀಳ್ಕೊಡುಗೆ ಯಾರದು, ಆಟೋ ಯಾಕೆ ಸಿಗಲಿಲ್ಲ, ನಾನು ಎಷ್ಟು ಒಳ್ಳೆಯವನು ಅಂತೆಲ್ಲ. ಹೆಂಡತಿ ಓದಿ ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ’ ಅಂದಳು. ಕೊನೆಗೆ ಉಳಿದಿದ್ದು ಒಂದು ಪುಟ. ಯಾವ ದಿನ, ಎಲ್ಲಿ, ಮೀಟರ್ ಎಷ್ಟು ತೋರಿಸಿತು. ಅಪಘಾತ ಆಗಿಲ್ಲ, ಯಾರಿಗೂ ಗಾಯ ಆಗಿಲ್ಲ. ದಂಡ ಕಟ್ಟಿದ ದಿನ, ಡಿಎಲ್ ವಾಪಸ್ ಬಂದ ದಿನ. ಅದಾದ ಮೇಲೆ ಬೇರೆ ಯಾವ ಕೇಸೂ ಇಲ್ಲ. ‘ಒಂದೇ ಒಂದು ಬಿಯರ್ ಕುಡಿದಿದ್ದೆ’ ಅಂತ ಮಾತ್ರ ಬರೆಯಬೇಡಿ. ಓದುವವರು ಆ ಮಾತನ್ನು ಎಷ್ಟು ಸಲ ಓದಿರುತ್ತಾರೋ. ಪತ್ರದ ಹಿಂದೆ ಕೋರ್ಟಿನ ನಕಲುಗಳು, 185ನೇ ಸೆಕ್ಷನ್ನಿನ ಪೂರ್ತಿ ಪಠ್ಯ, ಆಫೀಸಿನ ರಜೆ ಪತ್ರ, ತಂಗಿಯ ಆಹ್ವಾನ, ಅವಳ ಡಾಕ್ಟರ ಪತ್ರ.

ಅನುವಾದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಇಲ್ಲೇ ಮುಗ್ಗರಿಸುತ್ತಿದ್ದೆ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಅಫಿಡವಿಟ್ ಬೇಕು. ನಿಮ್ಮ ಮನೆಯವರು ಮಾಡುವ ಹಾಗಿಲ್ಲ. ನಮ್ಮ ಪೊಲೀಸ್ ಕನ್ನಡ ನಿಮಗೆ ಗೊತ್ತಲ್ಲ, ಎಲ್ಲದಕ್ಕೂ ‘ಇರುತ್ತಾನೆ’. ನನ್ನ ಚಾರ್ಜ್‌ಶೀಟಿನಲ್ಲಿ ‘ಆರೋಪಿಯು ಮದ್ಯಪಾನ ಮಾಡಿ ವಾಹನ ಚಲಾಯಿಸಿರುತ್ತಾನೆ’ ಅಂತ ಇತ್ತು. ಅಂದರೆ ಚಲಾಯಿಸಿದ್ದಾನೆ ಅಂತ. ಮೊದಲ ಅನುವಾದಕರು ಅದನ್ನು ಮಾಡಿದ್ದು ಹೇಗಿತ್ತು ಅಂದರೆ, ಈ ಮನುಷ್ಯ ಕುಡಿದು ಗಾಡಿ ಓಡಿಸುತ್ತಲೇ ಇರುತ್ತಾನೆ ಅನ್ನೋ ಅರ್ಥ ಬರುವ ಹಾಗೆ! ಒಂದು ಕ್ರಿಯಾಪದಕ್ಕೆ ನಾನು ದಿನನಿತ್ಯದ ಕುಡುಕ ಆಗಿಬಿಟ್ಟಿದ್ದೆ. ಕೋರ್ಟಿನ ಕಾಗದ ಅನುವಾದ ಮಾಡಿ ಅಭ್ಯಾಸ ಇರುವ ಇನ್ನೊಬ್ಬರನ್ನು ಹುಡುಕಿ ಮತ್ತೆ ಮಾಡಿಸಿದೆ. ಅನುವಾದ ಕೈಗೆ ಬಂದಾಗ ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ನಂಬರು, ತಾರೀಖು, ಸೆಕ್ಷನ್ ಜೊತೆಗೆ ಕ್ರಿಯಾಪದವನ್ನೂ ನೋಡಿ.

ಬೇರೆ ದೇಶಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಡಿಎಸ್-160 ಫಾರ್ಮಿನಲ್ಲೂ ಇದೇ ಪ್ರಶ್ನೆ ಇದೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಅಂತ ಬೇರೆ ಇದೆ. ಅಲ್ಲಿ ಅವರು ಮೋಸ, ಕಳ್ಳತನದಂಥ ‘ನೈತಿಕ ಅಧಃಪತನ’ದ ಅಪರಾಧ ಮತ್ತು ಡ್ರಗ್ಸ್ ಕೇಸುಗಳನ್ನು ಕೆದಕುವಷ್ಟು ಸಾದಾ ಕುಡಿತದ ಕೇಸನ್ನು ಕೆದಕಲ್ಲ. ಆದರೆ ಕಳೆದ ಐದು ವರ್ಷದಲ್ಲಿ ಕುಡಿತದ ಒಂದು ಕೇಸು, ಇಲ್ಲವೇ ಹತ್ತು ವರ್ಷದಲ್ಲಿ ಎರಡು ಇದ್ದರೆ ತಮ್ಮ ಡಾಕ್ಟರ ಹತ್ತಿರ ಕಳಿಸುತ್ತಾರೆ. ಬ್ರಿಟನ್‌ಗೆ ವಿಸಿಟರ್ ಆಗಿ ಹೋಗೋದಾದರೆ, ದಂಡದ ಶಿಕ್ಷೆ ಆಗಿ 12 ತಿಂಗಳು ದಾಟಿರಬೇಕು. ಆಸ್ಟ್ರೇಲಿಯಾದಲ್ಲಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆ ಆಗಿದ್ದವರಿಗೆ ದೊಡ್ಡ ಕಷ್ಟ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ನನ್ನ ದೊಡ್ಡಪ್ಪನ ಮಗ ಮಿಷಿಗನ್‌ನಲ್ಲಿದ್ದಾನೆ, ಗ್ರೀನ್ ಕಾರ್ಡ್ ಇದೆ. ತನಗೆ ಕೆನಡಾಕ್ಕೆ ವೀಸಾ ಬೇಕಿಲ್ಲ ಅಂತ ಊರಿಂದ ಬಂದ ಅತ್ತೆ ಮಾವನನ್ನು ಕೂರಿಸಿಕೊಂಡು ಹೊರಟ. ಆ ಹಿರಿಯರ ಪಾಸ್‌ಪೋರ್ಟಿನಲ್ಲಿ ವೀಸಾ ಇತ್ತು, ಅವರಿಗೆ ಏನೂ ತೊಂದರೆ ಇರಲಿಲ್ಲ. ತಿರುಗಿ ಹೋಗು ಅಂದಿದ್ದು ಇವನಿಗೆ. ಅಮೆರಿಕದ ಪೊಲೀಸ್ ದಾಖಲೆ ಕೆನಡಾ ಗಡಿಯ ಅಧಿಕಾರಿಯ ಪರದೆಯಲ್ಲೇ ಕಾಣುತ್ತದೆ. ಅಮೆರಿಕದ ವಕೀಲರು ಇವನ ಹಳೇ ಕುಡಿತದ ಕೇಸನ್ನು ‘ಅಜಾಗರೂಕ ಚಾಲನೆ’ ಅಂತ ಇಳಿಸಿಕೊಟ್ಟಿದ್ದರು. ಅದು ಸಾಕು ಅಂದುಕೊಂಡಿದ್ದ. ಆದರೆ ಅಪಾಯಕಾರಿ ಚಾಲನೆಗೂ ಕೆನಡಾದಲ್ಲಿ ಗರಿಷ್ಠ ಹತ್ತು ವರ್ಷವೇ. ಅತ್ತೆ ಮಾವನಿಗೆ ಏನು ಹೇಳಿದನೋ ನಾನು ಕೇಳಲಿಲ್ಲ.

ನನ್ನ ಅರ್ಜಿ ಹೋಗಿದ್ದು ಜೂನ್ ಕೊನೆಗೆ. ಅಮ್ಮನ ವೀಸಾ ಬೇಗ ಬಂತು. ನನ್ನದು ಬರಲೇ ಇಲ್ಲ. ಸೆಪ್ಟೆಂಬರಿನಲ್ಲಿ ಅಮ್ಮನಿಗೆ ವೀಲ್‌ಚೇರ್ ಬರೆಸಿ, ವಿಮಾನದ ಸಾಲಿನಲ್ಲಿ ನಿಂತಿದ್ದ ಹಾಸನದ ಒಂದು ದಂಪತಿಗೆ ಒಪ್ಪಿಸಿ ಕಳಿಸಿದೆ. ‘ನೀನ್ ಯಾಕೋ ಬರ್ತಿಲ್ಲ’ ಅಂತ ಗೇಟಿನವರೆಗೂ ಕೇಳುತ್ತಿದ್ದರು. ಆಫೀಸಿನಲ್ಲಿ ರಜೆ ಇಲ್ಲ ಅಂದೆ.

ಪಾಸ್‌ಪೋರ್ಟ್ ಕಳಿಸಿ ಅಂತ ಮೆಸೇಜು ಬಂದಾಗ ನವೆಂಬರ್. ಮಗುವಿಗೆ ಒಂದು ತಿಂಗಳಾಗಿತ್ತು. ಬಂದಿದ್ದು ಮಾಮೂಲಿ ವೀಸಾ, ಪರ್ಮಿಟ್ ಅಲ್ಲ. ಕಾರಣ ಬರೆದಿರಲಿಲ್ಲ. ಹಾಗಾಗಿ ನಾನು ಅಮ್ಮನನ್ನು ಬಿಡಲು ಹೋಗೋ ಬದಲು ಮಾರ್ಚಿನಲ್ಲಿ ಕರೆದುಕೊಂಡು ಬರಲು ಹೋದೆ.

ವೀಸಾ ಸಿಕ್ಕಿದರೆ ಒಳಗೆ ಬಿಟ್ಟ ಹಾಗಲ್ಲ. ಕೊನೇ ಮಾತು ವಿಮಾನ ನಿಲ್ದಾಣದ ಅಧಿಕಾರಿಯದು. ಅದಕ್ಕೇ ಅರ್ಜಿಯ ಜೊತೆ ಹೋದ ಪ್ರತಿಯೊಂದು ಕಾಗದದ ಇನ್ನೊಂದು ಸೆಟ್ ಕೈಚೀಲದಲ್ಲಿ ಇರಲಿ. ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದರೆ ಅದು ಬೆಲ್ಟಿನ ಮೇಲೆ ಸುತ್ತುತ್ತಿರುತ್ತದೆ, ನೀವು ಒಳಗೆ ಕೂತಿರುತ್ತೀರಿ. ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಕೌಂಟರಿನವರು ಪರದೆ ನೋಡಿ, ಒಂದು ಚೀಟಿ ಕೊಟ್ಟು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಐವತ್ತು ನಿಮಿಷ ಕೂತೆ. ಕರೆದಾಗ ಕೇಳಿದ್ದು ಮೂರೇ ಪ್ರಶ್ನೆ. 2017ರಲ್ಲಿ ಏನಾಯಿತು? ಆಮೇಲೆ ಏನಾದರೂ ಆಗಿದೆಯಾ? ಎಷ್ಟು ದಿನ ಇರುತ್ತೀರಿ? ಪತ್ರದಲ್ಲಿ ಏನಿತ್ತೋ ಅದನ್ನೇ ಹೇಳಿದೆ. ಬೇರೆ ಮಾತು ಸೇರಿಸಲಿಲ್ಲ. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಡಲು ಬಾಯಿ ತುರಿಸುತ್ತಿತ್ತು, ತಡೆದುಕೊಂಡೆ. ಫೋಲ್ಡರನ್ನು ಅವರು ತೆರೆಯಲೂ ಇಲ್ಲ. ಸೀಲು ಬಿತ್ತು.

ಹೊರಗೆ ತಂಗಿ, ಭಾವ, ಕಂಬಳಿ ಸುತ್ತಿದ ಮಗು, ಮತ್ತೆ ಭಾವನ ದೊಡ್ಡ ಜಾಕೆಟ್ ಹಾಕಿಕೊಂಡಿದ್ದ ಅಮ್ಮ.

‘ಎಲ್ರೂ ಬಂದು ಆಯ್ತು, ಇಷ್ಟೊತ್ತು ಒಳಗೇನ್ ಮಾಡ್ತಿದ್ದೆ?’ ಅಂದರು.

‘ಬ್ಯಾಗ್ ಬರೋದು ಲೇಟಾಯ್ತಮ್ಮ’ ಅಂದೆ.